ಎಲ್ಲಾ ದೇವ್ರೂ ಒಂದೇ ಅಂತ ಮಗಳಿಗೆ ಹೇಳ್ಲಾ, ಬೇಡ್ವಾ ಮೇಷ್ಟ್ರೇ?

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ದಾವಣಗೆರೆ ನಿಟ್ಟುವಳ್ಳಿ ಕಡೆ ನಮ್ಮನೆ, ಟೂವೀಲರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಕೊಂಡಿದೀನಿ. ನಾವು ಲಿಂಗಾಯತ್ರು, ನಮ್ಮಪ್ಪ ಈಗ್ಲೂ ಲಿಂಗಪೂಜೆ ಆಗದೆ ನೀರೂ ಮುಟ್ಟಲ್ಲ, ನನ್ ಹೆಂಡ್ತಿ ದುಗ್ಗಮ್ಮಂಗೆ ಹರಕೆ ಹೊರ್ತಾಳೆ, ನಾನು ಎರಡೂ ಕಡೆ ಕೈ ಮುಗಿಯೋನು. ಮಗಳಿಗೆ 11 ವರ್ಷ. ಮೊನ್ನೆ ಸ್ಕೂಲಿಂದ ಬಂದೋಳೇ ಬ್ಯಾಗ್ ಬಿಸಾಕಿ ಕೇಳಿದ್ಲು, "ಅಪ್ಪಾ, ನನ್ ಫ್ರೆಂಡ್ ಅಲ್ಲಾ ಒಬ್ನೇ ದೇವ್ರು ಅಂತಾಳೆ, ಇನ್ನೊಬ್ಳು ಯೇಸು ದೇವರ ಮಗ ಅಂತಾಳೆ, ಮಿಸ್ಸು ಎಲ್ಲಾ ಒಂದೇ ಅಂತಾರೆ, ಇವ್ರಲ್ಲಿ ಯಾರು ಸುಳ್ಳು ಹೇಳ್ತಿರೋದು?" ನಂಗೆ ಉತ್ರ ಬರ್ಲಿಲ್ಲ. ಹೆಂಡ್ತಿ "ಎಲ್ಲಾ ಒಂದೇ ಪುಟ್ಟಿ, ಹೋಗಿ ಹಾಲು ಕುಡಿ" ಅಂದ್ಲು. ನಮ್ಮಣ್ಣ ಅಲ್ಲೇ ಕೂತಿದ್ದ, ಈಗೀಗ ಮೊಬೈಲಲ್ಲಿ ಭಾಷಣ ಕೇಳಿ ಕೇಳಿ ತಲೆ ಕೆಟ್ಟೈತೆ ಅವ್ನಿಗೆ, "ಎಲ್ಲಾ ಹೆಂಗೆ ಒಂದಾಗುತ್ತೆ, ನಮ್ದೊಂದೇ ಸರಿ ಅಂತ ಹೇಳ್ಕೊಡು" ಅಂತ ಜಗಳಕ್ಕೇ ಬಂದ. ನನ್ ಅಂಗಡಿ ಪಾರ್ಟ್‌ನರ್ ಮುಸ್ಲಿಂ, 14 ವರ್ಷದಿಂದ ಜೊತೆಗಿದೀವಿ, ಒಡಹುಟ್ಟಿದೋರಿಗಿಂತ ಹೆಚ್ಚು. ಅವ್ರ ಧರ್ಮ ತಪ್ಪು ಅಂತ ಮಗಳಿಗೆ ಹೇಳಿದ್ರೆ ಅವ್ರಿಗೆ ದ್ರೋಹ ಮಾಡ್ದಂಗೆ ಅನ್ಸುತ್ತೆ, ಎಲ್ಲಾ ಒಂದೇ ಅಂದ್ರೆ ನಂಗೇ ನಂಬಿಕೆ ಇಲ್ದಿರೋದನ್ನ ಹೇಳ್ದಂಗಾಗುತ್ತೆ. ಇಷ್ಟು ಬೇರೆ ಬೇರೆ ಹೇಳೋ ಧರ್ಮಗಳು ಎಲ್ಲಾ ಸರಿ ಇರೋಕೆ ಸಾಧ್ಯನಾ? ನೇರವಾಗಿ ಹೇಳಿ, ಸುತ್ತಿ ಬಳಸಿ ಬೇಡ.

ಉತ್ತರ: ನೇರವಾಗಿ ಕೇಳಿದೀರಿ, ನೇರವಾಗೇ ಹೇಳ್ತೀನಿ. ಎಲ್ಲಾ ಧರ್ಮಗಳೂ ಎಲ್ಲಾ ವಿಷಯದಲ್ಲೂ ಸರಿ ಇರೋಕೆ ಸಾಧ್ಯ ಇಲ್ಲ. ಹಂಗಂದ ತಕ್ಷಣ ನಿಮ್ಮಣ್ಣ ಗೆದ್ದ ಅಂತಾನೂ ಆಗಲ್ಲ, ನಿಮ್ಮ ಪಾರ್ಟ್‌ನರ್‌ಗೆ ನೀವು ದ್ರೋಹ ಮಾಡಿದ್ರಿ ಅಂತಾನೂ ಆಗಲ್ಲ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದ ಬರೀಬೇಕು, ಅಂಗಡೀಲಿ ಗಿರಾಕಿ ಇಲ್ದಿರೋ ಹೊತ್ತಲ್ಲಿ ಓದಿ.

ನಾನು ಚಿತ್ರದುರ್ಗದ ಕಾಲೇಜೊಂದ್ರಲ್ಲಿ 31 ವರ್ಷ ತರ್ಕಶಾಸ್ತ್ರ, ತತ್ವಶಾಸ್ತ್ರ ಪಾಠ ಮಾಡ್ದೋನು, ಕ್ಲಾಸಲ್ಲಿ ಹತ್ತು ಜನ ಇದ್ರೆ ಅದ್ರಲ್ಲಿ ಏಳು ಜನ ಬೇರೆ ಸಬ್ಜೆಕ್ಟಲ್ಲಿ ಸೀಟು ಸಿಗದೆ ಬಂದೋರು. ಆದ್ರೂ ನಿಮ್ಮ ಮಗಳು ಕೇಳಿದ ಪ್ರಶ್ನೆ ಪ್ರತಿ ವರ್ಷ ಯಾರಾದ್ರೂ ಒಬ್ರು ಕೇಳೇ ಕೇಳೋರು. ಅವಳು ಕೇಳಿದ್ರಲ್ಲಿ ಮೊದ್ಲು ಒಂದು ಪದ ಸರಿ ಮಾಡ್ಬೇಕು, "ಸುಳ್ಳು" ಅನ್ನೋದು. ಸುಳ್ಳು ಅಂದ್ರೆ ನಿಜ ಗೊತ್ತಿದ್ದೂ ಬೇರೆ ಹೇಳೋದು. ಆ ಇಬ್ರು ಹುಡುಗೀರೂ ತಾವು ನಂಬಿದ್ದನ್ನೇ ಹೇಳ್ತಿದಾರೆ, ಸುಳ್ಳು ಯಾರೂ ಹೇಳ್ತಿಲ್ಲ. ತಪ್ಪು ಇರಬಹುದು, ತಪ್ಪು ಬೇರೆ ಸುಳ್ಳು ಬೇರೆ. ಪರೀಕ್ಷೇಲಿ ಲೆಕ್ಕ ತಪ್ಪು ಮಾಡ್ದೋಳನ್ನ ಸುಳ್ಳಿ ಅಂತೀವಾ? ಇಷ್ಟನ್ನ ಇವತ್ತೇ ಅವಳಿಗೆ ಹೇಳ್ಬಿಡಿ, ಉಳಿದದ್ದು ನಿಧಾನಕ್ಕೆ.

ಇನ್ನು ನಿಮ್ಮ ಸಂಕಟಕ್ಕೆ ಬರೋಣ. ನಿಮ್ಮ ಪ್ರಶ್ನೇಲಿ ಎರಡು ಗಂಟು ಸೇರ್ಕೊಂಡಿವೆ. ಇವೆಲ್ಲಾ ಸರೀನಾ ಅನ್ನೋದು ಒಂದು, ಸರಿ ಅಲ್ಲ ಅಂದ್ರೆ ಅವ್ರ ಜೊತೆ ಹೆಂಗೆ ಬದುಕೋದು ಅನ್ನೋದು ಇನ್ನೊಂದು. ನಾವು ಎರಡನೇದಕ್ಕೆ ಹೆದ್ರಿ ಮೊದಲನೇದಕ್ಕೆ ತಪ್ಪುತ್ತರ ಕೊಡ್ತೀವಿ, ನಿಮ್ಮ ಹೆಂಡ್ತಿ ಮಾಡಿದ್ದು ಅದೇ, ನಾನೂ ಎಷ್ಟೋ ವರ್ಷ ಮಾಡಿದ್ದು ಅದೇ.

ದಾವಣಗೆರೆಯೋರಿಗೆ ಬೆಣ್ಣೆ ದೋಸೇಲಿ ಹೇಳಿದ್ರೆ ಬೇಗ ಅರ್ಥ ಆಗುತ್ತೆ. ಯಾವ ಹೋಟ್ಲು ಬೆಣ್ಣೆ ದೋಸೆ ಚೆಂದ ಅಂತ ನೀವು ಒಂದು ಹೇಳ್ತೀರಿ ನಾನೊಂದು ಹೇಳ್ತೀನಿ, ಇಬ್ರೂ ಸರಿ, ಯಾಕಂದ್ರೆ ಅದು ನಾಲಿಗೆ ರುಚಿ ವಿಷಯ. ಆದ್ರೆ ಆ ಹೆಂಚಿನ ಮೇಲೆ ಹಾಕಿದ್ದು ಬೆಣ್ಣೆನೋ ಡಾಲ್ಡಾನೋ ಅಂತ ಜಗಳ ಬಂದ್ರೆ ಇಬ್ರೂ ಸರಿ ಅನ್ನೋಕಾಗಲ್ಲ, ಅಡುಗೆ ಮನೆಗೆ ಹೋಗಿ ನೋಡ್ಲೇಬೇಕು. ಧರ್ಮದಲ್ಲಿ ಎರಡೂ ತರದ ಮಾತಿರುತ್ತೆ. ಯಾವ ಹಾಡು, ಯಾವ ಭಾಷೆ, ಕೂತು ಮಾಡೋದೋ ನಿಂತು ಮಾಡೋದೋ, ವಿಭೂತಿನೋ ನಾಮಾನೋ, ಇವೆಲ್ಲ ಹೆಚ್ಚುಕಮ್ಮಿ ಮೊದಲನೇ ತರ. ದೇವ್ರಿಗೆ ಕರೆಯೋ ಹೆಸ್ರೂ ಹಂಗೇ, ಅರಬ್ ದೇಶದ ಕ್ರಿಶ್ಚಿಯನ್ನರೂ ದೇವ್ರನ್ನ ಅಲ್ಲಾ ಅಂತಾನೇ ಕರೀತಾರೆ, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಹೆಸ್ರಿಗೆ ಜಗಳ ಆಡೋದು ವ್ಯರ್ಥ.

ಎರಡನೇ ತರದ್ದು ಹಂಗಲ್ಲ. ಯೇಸು ಶಿಲುಬೆ ಮೇಲೆ ಸತ್ತ ಅನ್ನೋದು ಕ್ರಿಶ್ಚಿಯನ್ನರ ನಂಬಿಕೆಯ ಹೊಕ್ಕಳು, ಕುರಾನಿನ 4ನೇ ಅಧ್ಯಾಯದ 157ನೇ ವಚನ ಅವ್ರನ್ನ ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲಿಲ್ಲ, ಅವರಿಗೆ ಹಾಗೆ ಕಾಣಿಸಿತು ಅಷ್ಟೇ ಅನ್ನುತ್ತೆ. ಇದು ರುಚಿ ಅಲ್ಲ, ಆಗಿದ್ದೋ ಇಲ್ಲವೋ ಅನ್ನೋ ಮಾತು. ಅದೇ ಕುರಾನಿನ 112ನೇ ಅಧ್ಯಾಯ, ಬರೀ ನಾಲ್ಕು ಸಾಲು, ದೇವ್ರು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ ಅನ್ನುತ್ತೆ. ನಿಮ್ಮ ಮಗಳ ಇಬ್ರು ಫ್ರೆಂಡ್ಸ್ ಮಧ್ಯೆ ಇರೋದು ನಿಜವಾದ ಭಿನ್ನಾಭಿಪ್ರಾಯ, ಮಕ್ಕಳ ಮಾತು ಅಂತ ತಳ್ಳಿ ಹಾಕೋ ಹಂಗಿಲ್ಲ. ಮತ್ತೆ ಹುಟ್ತೀವಿ ಅಂತಾರೆ ನಮ್ಮೋರು, ಜೈನ್ರು, ಬೌದ್ಧ್ರು. ಇರೋದೊಂದೇ ಜನ್ಮ, ಆಮೇಲೆ ತೀರ್ಪು ಅಂತಾರೆ ಮುಸ್ಲಿಮ್ರು, ಕ್ರಿಶ್ಚಿಯನ್ನರು. ನಾನು ಸತ್ತ ಮೇಲೆ ಎರಡ್ರಲ್ಲಿ ಒಂದು ಆಗ್ಬೇಕು, ಇಲ್ಲ ಎರಡೂ ಆಗ್ದೆ ಮೂರನೇದೇನೋ ಆಗ್ಬೇಕು, ಎರಡೂ ಪೂರ್ತಿ ಆಗೋಕೆ ದಾರಿ ಇಲ್ಲ.

ಇದೆಲ್ಲ ಹೊರಗಿಂದ ಬಂದ ಧರ್ಮದವ್ರ ಜಗಳ, ನಮ್ಮಲ್ಲಿ ಮಾತ್ರ ಎಲ್ಲಾ ಒಂದೇ ಅಂತ ಮೊದಲಿಂದ ಹೇಳ್ಕೊಂಡು ಬಂದಿದಾರೆ ಅಂತ ಒಂದು ಮಾತು ಓಡಾಡುತ್ತೆ. ಇದು ಅರ್ಧ ನಿಜ, ಅರ್ಧ ನಾವೇ ಕಟ್ಟಿಕೊಂಡಿದ್ದು. ಜೈನ್ರು ಜಗತ್ತನ್ನ ಸೃಷ್ಟಿ ಮಾಡಿದ ದೇವ್ರು ಇಲ್ವೇ ಇಲ್ಲ ಅಂತಾರೆ, ಜಗತ್ತಿಗೆ ಆದಿನೇ ಇಲ್ಲ. ಬೌದ್ಧ್ರೂ ಸೃಷ್ಟಿಕರ್ತನ್ನ ಒಪ್ಪಲ್ಲ, ಆತ್ಮಾನೂ ಒಪ್ಪಲ್ಲ. ವೇದ ಒಪ್ಪೋ ಮೀಮಾಂಸಕರೇ ಈಶ್ವರನ ಅಗತ್ಯ ಇಲ್ಲ ಅಂದ್ಬಿಟ್ರು. ಶಂಕರರು ಜೀವ ಬ್ರಹ್ಮ ಒಂದೇ ಅಂದ್ರೆ ಮಧ್ವರು ಐದು ಭೇದ ಎಣಿಸಿ ಕೊಟ್ರು, ಜೀವಕ್ಕೂ ಈಶ್ವರನಿಗೂ ಭೇದ, ಜೀವ ಜೀವಕ್ಕೂ ಭೇದ, ಹಿಂಗೆ. ಇವ್ರೆಲ್ಲ ಎಲ್ಲಾ ಒಂದೇ ಅಂತ ಅಂದ್ಕೊಂಡಿದ್ರೆ ನೂರಾರು ವರ್ಷ ಗ್ರಂಥದ ಮೇಲೆ ಗ್ರಂಥ ಬರೆದು ಖಂಡನೆ ಮಾಡೋ ಕಷ್ಟ ಯಾಕೆ ಬೇಕಿತ್ತು? ವಾದ ಮಾಡೋದು ನಮ್ಮ ಪರಂಪರೇಲಿ ಮರ್ಯಾದೆ ಇದ್ದ ಕೆಲ್ಸ, ಎದುರಿನವನ ಮಾತನ್ನ ಪೂರ್ವಪಕ್ಷ ಅಂತ ಮೊದಲು ಸರಿಯಾಗಿ ಹೇಳಿ ಆಮೇಲೆ ಖಂಡಿಸ್ಬೇಕಿತ್ತು. ಈಗಿನ ಮೊಬೈಲ್ ಭಾಷಣದಲ್ಲಿ ಪೂರ್ವಪಕ್ಷ ಹೋಗಿ ಬರೀ ಖಂಡನೆ ಉಳ್ಕೊಂಡಿದೆ.

ನೀವು ಲಿಂಗಾಯತ್ರು ಅಂದಿದ್ದಕ್ಕೆ ಒಂದು ವಚನ ನೆನಪಾಯ್ತು. "ದೇವನೊಬ್ಬ ನಾಮ ಹಲವು" ಅನ್ನೋದನ್ನ ಆಟೋ ಹಿಂದೆ, ಸ್ಕೂಲ್ ಗೋಡೆ ಮೇಲೆ ಬರೆಸಿರ್ತಾರೆ, ಎಲ್ಲಾ ಧರ್ಮ ಒಂದೇ ಅಂತ ಬಸವಣ್ಣನೇ ಹೇಳಿದಾನೆ ಅನ್ನೋ ಅರ್ಥದಲ್ಲಿ. ಮುಂದಿನ ಸಾಲು ಬರೆಸಿರೋದನ್ನ ನಾನು ನೋಡಿಲ್ಲ. ಪರಮ ಪತಿವ್ರತೆಗೆ ಗಂಡನೊಬ್ಬ ಅಂತಾನೆ, ಮತ್ತೊಂದಕ್ಕೆ ಎರಗಿದ್ರೆ ಕಿವಿ ಮೂಗು ಕೊಯ್ತಾನೆ ಅಂತಾನೆ, ಹಲವು ದೈವದ ಎಂಜಲು ತಿನ್ನೋರನ್ನ ಏನಂತ ಹೇಳ್ಲಿ ಕೂಡಲಸಂಗಮದೇವಾ ಅಂತ ಮುಗಿಸ್ತಾನೆ. ಅಂದ್ರೆ ಬಸವಣ್ಣ ಇಲ್ಲಿ ಎಲ್ಲಾ ದಾರಿನೂ ಸರಿ ಅಂತ ಬೆನ್ನು ತಟ್ತಾ ಇಲ್ಲ, ದೇವ್ರು ಒಬ್ನೇ ಆದ್ದರಿಂದ ಅಲ್ಲಿ ಇಲ್ಲಿ ಅಲೀಬೇಡ ಅಂತ ಗದರ್ತಿದಾನೆ. (ದುಗ್ಗಮ್ಮನ ಹರಕೆ ವಿಷಯದಲ್ಲಿ ನಿಮ್ಮ ಮನೆಯೋರಿಗೆ ನಾನು ಏನೂ ಹೇಳ್ತಿಲ್ಲ, ಇದನ್ನ ತೋರಿಸಿ ಮನೇಲಿ ಜಗಳ ತೆಗೀಬೇಡಿ.)

ಆನೆ ಮುಟ್ಟಿದ ಕುರುಡರ ಕತೆ ಗೊತ್ತಲ್ಲ, ಎಲ್ಲಾ ಧರ್ಮ ಸರಿ ಅನ್ನೋಕೆ ಎಲ್ರೂ ಮೊದಲು ತೆಗೆಯೋದು ಅದನ್ನೇ. ಪಾಳಿ ಭಾಷೆಯ ಉದಾನ ಅನ್ನೋ ಬೌದ್ಧ ಗ್ರಂಥದಲ್ಲಿ ಬುದ್ಧ ಹೇಳ್ದಂಗೆ ಅದು ಬರುತ್ತೆ. ಶ್ರಾವಸ್ತಿಯ ರಾಜ ಹುಟ್ಟುಕುರುಡರನ್ನೆಲ್ಲ ಸೇರಿಸಿ ಆನೆ ಮುಟ್ಟಿಸ್ತಾನೆ. ತಲೆ ಮುಟ್ಟಿದೋನಿಗೆ ಆನೆ ಅಂದ್ರೆ ಮಡಕೆ, ಕಿವಿ ಮುಟ್ಟಿದೋನಿಗೆ ಮೊರ, ದಂತ ಮುಟ್ಟಿದೋನಿಗೆ ನೇಗಿಲ ಗುಳ, ಮೈ ಕಣಜ, ಕಾಲು ಕಂಬ, ಬೆನ್ನು ಒರಳು, ಬಾಲ ಒನಕೆ. (ನಮ್ಮ ದುರ್ಗದ ಮಕ್ಕಳಿಗೆ ಪಾಠ ಮಾಡುವಾಗ ಒನಕೆ ಅನ್ನೋ ಹೊತ್ತಿಗೆ ಕ್ಲಾಸು ಓಬವ್ವನ ಕಡೆ ಹೊರಟೋಗೋದು, ವಾಪಸ್ ಕರ್ಕೊಂಡು ಬರೋಕೆ ಐದು ನಿಮಿಷ ಬೇಕಿತ್ತು.) ಆಮೇಲೆ ಅವ್ರು ಗುದ್ದಾಡ್ತಾರೆ, ರಾಜ ನೋಡಿ ಖುಷಿ ಪಡ್ತಾನೆ. ಬುದ್ಧ ಈ ಕತೆ ಹೇಳಿದ್ದು ಎಲ್ರೂ ಸರಿ ಅನ್ನೋಕಲ್ಲ, ಜಗಳ ಆಡ್ತಿದ್ದ ಸನ್ಯಾಸಿಗಳಿಗೆ ಕಣ್ಣಿಲ್ಲ ಅನ್ನೋಕೆ. ಕತೇಲಿ ಒಬ್ನೂ ಸರಿ ಇಲ್ಲ, ಆನೆ ಮೊರಾನೂ ಅಲ್ಲ ಒನಕೆನೂ ಅಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದು ಆನೆ ಅಂತ ಗೊತ್ತಾಗಿದ್ದು ಯಾರಿಗೆ? ರಾಜಂಗೆ. ಹಂಗಾದ್ರೆ ಎಲ್ಲಾ ಧರ್ಮದವ್ರೂ ಆನೆ ಮುಟ್ಟಿದ ಕುರುಡ್ರು ಅಂತ ಹೇಳೋನು ತಾನು ಎಲ್ಲಿ ಕೂತಿದಾನೆ? ರಾಜನ ಕುರ್ಚೀಲಿ. ವಿನಯದ ಮಾತು ಅಂತ ಶುರು ಮಾಡ್ತಾನೆ, ಆದ್ರೆ ಮುಸ್ಲಿಂ, ಕ್ರಿಶ್ಚಿಯನ್, ಜೈನ, ವೈಷ್ಣವ ಯಾರಿಗೂ ಕಾಣದ ಪೂರ್ತಿ ಆನೆ ನಂಗೆ ಕಾಣುತ್ತೆ ಅಂತ ಹೇಳಿ ಮುಗಿಸ್ತಾನೆ. ಇದು ನಂಗೆ ಅರ್ಥ ಆಗಿದ್ದು ಪುಸ್ತಕದಿಂದಲ್ಲ, ಸ್ಟಾಫ್ ರೂಮಲ್ಲಿ. ಒಂದು ಸಲ ಕಾಲೇಜ್ ಫಂಕ್ಷನ್‌ನಲ್ಲಿ ಮೈಕ್ ಸಿಕ್ತು ಅಂತ ಎಲ್ಲಾ ಧರ್ಮದ ಸಾರ ಒಂದೇ ಅಂತ ಇಪ್ಪತ್ತು ನಿಮಿಷ ಮಾತಾಡ್ದೆ, ಚಪ್ಪಾಳೆನೂ ಬಿತ್ತು. ಆಮೇಲೆ ನಮ್ಮ ಉರ್ದು ಮೇಷ್ಟ್ರು ಟೀ ಕುಡೀತಾ ನಗ್ತಾನೇ ಅಂದ್ರು, "ಸಾರ್, ಚೆನ್ನಾಗಿತ್ತು, ಆದ್ರೆ ನನ್ ಧರ್ಮದ ಸಾರ ಏನು ಅಂತ ನನ್ನ ಒಂದು ಮಾತು ಕೇಳ್ಬಹುದಿತ್ತು." ಅವತ್ತು ನಂಗೆ ಮಂಡಕ್ಕಿ ಗಂಟಲಲ್ಲಿ ಇಳೀಲಿಲ್ಲ. ದೇವ್ರು ಒಬ್ನೇ ಅಂತ ಅವ್ರು ದಿನಕ್ಕೆ ಐದು ಸಲ ನಮಾಜಲ್ಲಿ ಸಾಕ್ಷಿ ಹೇಳೋ ಮಾತನ್ನ ನಾನು ಮೇಲ್ಮೇಲಿನ ಸಿಪ್ಪೆ ಅಂತ ಸುಲಿದು ಬಿಸಾಕಿದ್ದೆ, ಅದೂ ಅವ್ರಿಗೆ ಗೌರವ ಕೊಡ್ತಿದೀನಿ ಅಂದ್ಕೊಂಡು.

ಇದೇ ಚಾಳಿಯ ಇನ್ನೊಂದು ರೂಪ, ನಿಮ್ದೂ ಸರಿ, ಆದ್ರೆ ಅದು ನಮ್ಮದ್ರೊಳಗೇ ಬರುತ್ತೆ ಅನ್ನೋದು. ಬೇಲೂರು ಚೆನ್ನಕೇಶವನ ವಿಷಯ ಬಂದಾಗೆಲ್ಲ ಹೇಳೋ ಶ್ಲೋಕ ಇದೆಯಲ್ಲ, ಶೈವರು ಶಿವ ಅಂತಾರೆ, ವೇದಾಂತಿಗಳು ಬ್ರಹ್ಮ ಅಂತಾರೆ, ಬೌದ್ಧರು ಬುದ್ಧ ಅಂತಾರೆ, ಜೈನರು ಅರ್ಹ ಅಂತಾರೆ ಅಂತ ಎಣಿಸ್ಕೊಂಡು ಹೋಗಿ ಕೊನೆಗೆ ಅವನೇ ಈ ನಮ್ಮ ಕೇಶವ ಅಂತ ನಿಲ್ಲುತ್ತೆ! ಗೀತೆಯ 9ನೇ ಅಧ್ಯಾಯದಲ್ಲಿ ಬೇರೆ ದೇವತೆಗಳನ್ನ ಪೂಜಿಸೋರೂ ನನ್ನನ್ನೇ ಪೂಜಿಸ್ತಾರೆ, ಆದ್ರೆ ವಿಧಿ ತಪ್ಪಿ, ಅಂತ ಬರುತ್ತೆ. ಇದು ದೊಡ್ಡ ಮನಸ್ಸೇ, ಹೊಡೆದು ಓಡ್ಸೋದಕ್ಕಿಂತ ಸಾವಿರ ಪಾಲು ಮೇಲು. ಆದ್ರೆ ಇನ್ನೊಂದು ಕಡೆಯಿಂದ ನೋಡಿ. ಕಳೆದ ಶತಮಾನದಲ್ಲಿ ಕಾರ್ಲ್ ರಾಹ್ನರ್ ಅನ್ನೋ ಕ್ಯಾಥೊಲಿಕ್ ಪಂಡಿತರು ಬೇರೆ ಧರ್ಮದ ಒಳ್ಳೆಯವರೆಲ್ಲ ಹೆಸರಿಲ್ಲದ ಕ್ರಿಶ್ಚಿಯನ್ನರು ಅಂದ್ರು, ನಿಮಗೇ ಗೊತ್ತಿಲ್ಲದೆ ನೀವು ಯೇಸುವಿನವರು ಅನ್ನೋ ಹಂಗೆ. ನಿಮ್ಮಪ್ಪ ಬೆಳಿಗ್ಗೆ ಅಂಗೈ ಮೇಲೆ ಲಿಂಗ ಇಟ್ಕೊಂಡು ಕೂತಿರುವಾಗ ಯಾರಾದ್ರೂ ಬಂದು ಯಜಮಾನ್ರೇ ನೀವು ನಿಜವಾಗ್ಲೂ ಕ್ರಿಶ್ಚಿಯನ್ನು, ನಿಮಗೆ ಗೊತ್ತಿಲ್ಲ ಅಷ್ಟೇ ಅಂದ್ರೆ ಹೆಂಗನ್ಸುತ್ತೆ? ನಾವು ಬೇರೆಯವ್ರಿಗೆ ನಿಮ್ಮ ದೇವ್ರೂ ನಮ್ಮ ಪರಮಾತ್ಮನೇ ಅಂದಾಗ ಅವ್ರಿಗೂ ಹಂಗೇ ಅನ್ಸುತ್ತೆ.

ಎಲ್ಲಾ ರೋಡೂ ಒಂದೇ ಊರಿಗೆ ಅನ್ನೋ ಮಾತು ಕೇಳಿರ್ತೀರಿ. ವಿವೇಕಾನಂದರು 1893ರಲ್ಲಿ ಶಿಕಾಗೋದಲ್ಲಿ ಶಿವಮಹಿಮ್ನ ಸ್ತೋತ್ರದ ಶ್ಲೋಕ ಹೇಳಿ, ನದಿಗಳೆಲ್ಲ ಸಮುದ್ರ ಸೇರೋ ಹಂಗೆ ಅಂದಿದ್ದು ಬಹಳ ಚೆಂದದ ಹೋಲಿಕೆ. ಅವರ ಗುರು ರಾಮಕೃಷ್ಣರು ಬರೀ ಬಾಯಲ್ಲಿ ಹೇಳಿದೋರಲ್ಲ, 1866ರಲ್ಲಿ ಇಸ್ಲಾಂ ಸಾಧನೆ, 1874ರಲ್ಲಿ ಕ್ರಿಶ್ಚಿಯನ್ ಸಾಧನೆ ಮಾಡಿ ನೋಡಿದೋರು, ಅದಕ್ಕೆ ಅವ್ರ ಮಾತಿಗೆ ತೂಕ ಜಾಸ್ತಿ, ನನ್ನಂಥ ಮೈಕಾಸುರರ ಮಾತಿಗಿಂತ. ಆದ್ರೂ ಧ್ಯಾನದಲ್ಲಿ ಒಬ್ಬರಿಗೆ ಕಂಡಿದ್ದು ಶಿಲುಬೆ ಮೇಲೆ ಯಾರು ಸತ್ರು ಅನ್ನೋ ಪ್ರಶ್ನೆಗೆ ಉತ್ತರ ಆಗಲ್ಲ. ಮತ್ತೆ ರೋಡ್ ವಿಷಯಕ್ಕೆ, ನಮ್ಮ ಚಿತ್ರದುರ್ಗದ ಬಸ್ ಸ್ಟ್ಯಾಂಡಲ್ಲಿ ಬಂದು ನಿಂತ್ಕೊಳ್ಳಿ, ಒಂದು ಬಸ್ಸು ಹೊಸಪೇಟೆ ಅನ್ನುತ್ತೆ, ಒಂದು ಶಿವಮೊಗ್ಗ, ಒಂದು ಬೆಂಗ್ಳೂರು, ಒಂದು ನಿಮ್ಮೂರು. ಬಸ್ಸು ಬೇರೆ ಅಷ್ಟೇ ಅಲ್ಲ, ಬೋರ್ಡೇ ಬೇರೆ. ಬೌದ್ಧರ ನಿರ್ವಾಣ, ಮುಸ್ಲಿಮರ ಜನ್ನತ್, ಅದ್ವೈತಿಯ ಮೋಕ್ಷ, ಲಿಂಗಾಯತರ ಲಿಂಗಾಂಗ ಸಾಮರಸ್ಯ, ಇವು ಒಂದೇ ಊರಿನ ನಾಲ್ಕು ಹೆಸ್ರು ಅಂತ ಹೇಳೋಕೆ ಮೊದಲು ಆ ಊರು ನೋಡಿರ್ಬೇಕಲ್ಲ.

ಹಂಗಾದ್ರೆ ಎಲ್ಲಾ ಒಂದೇ ಅಂತ ಹೇಳಿದ ದೊಡ್ಡೋರೆಲ್ಲ ದಡ್ಡರಾ ಅಂತ ಕೇಳ್ತೀರಿ. ಅಲ್ಲ. ಈ ಪಕ್ಷಾನ ಗಟ್ಟಿಯಾಗಿ ಹೇಳ್ದೋರೂ ಇದಾರೆ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜಾನ್ ಹಿಕ್ (1922-2012), ಹುಡುಗ ಆಗಿದ್ದಾಗ ನಮ್ದೊಂದೇ ಸರಿ ಅನ್ನೋ ಕಟ್ಟಾ ಕ್ರಿಶ್ಚಿಯನ್ನು, ನಿಮ್ಮಣ್ಣನ ಟೈಪೇ ಅಂದ್ಕೊಳ್ಳಿ. ಬರ್ಮಿಂಗ್‌ಹ್ಯಾಮ್‌ಗೆ ಪಾಠ ಮಾಡೋಕೆ ಹೋದ್ಮೇಲೆ ಅಲ್ಲಿನ ಮಸೀದಿ, ಗುರುದ್ವಾರ, ದೇವಸ್ಥಾನ, ಯಹೂದಿ ಮಂದಿರ ಎಲ್ಲಾ ಕಡೆ ಓಡಾಡಿದ್ರು, ಎಲ್ಲಾ ಕಡೆ ಜನ ಒಂದೇ ತರ ಮನಸ್ಸು ಬಿಚ್ಚಿ ನಿಂತಿರೋದು ಕಂಡು ಅಲ್ಲಾಡಿ ಹೋದ್ರು. ಆಮೇಲೆ 1989ರ ದೊಡ್ಡ ಪುಸ್ತಕದಲ್ಲಿ ಹೇಳಿದ್ದು ಸುಮಾರಾಗಿ ಹಿಂಗೆ: ಪರಮ ಸತ್ಯ ಅನ್ನೋದು ಯಾವ ಮಾತಿಗೂ ಸಿಗಲ್ಲ, ನಮಗೆ ಸಿಗೋದು ನಮ್ಮ ಭಾಷೆ, ನಮ್ಮ ಸಂಸ್ಕೃತಿಯ ಜರಡಿಯಿಂದ ಇಳಿದು ಬಂದ ರೂಪ ಮಾತ್ರ, ಒಬ್ರಿಗೆ ಶಿವ, ಒಬ್ರಿಗೆ ಅಲ್ಲಾ, ಒಬ್ರಿಗೆ ಶೂನ್ಯ. ಯಾವ ರೂಪ ಮನುಷ್ಯನ್ನ ಸ್ವಾರ್ಥದಿಂದ ಬಿಡಿಸುತ್ತೋ ಅದು ಕೆಲಸ ಮಾಡ್ತಿದೆ ಅಂತ ಅರ್ಥ.

ಇದ್ರಲ್ಲಿ ತಪ್ಪು ಹುಡುಕೋದು ಸುಲಭ ಅಲ್ಲ, ನಾನೇ ಎಷ್ಟೋ ವರ್ಷ ಇದನ್ನೇ ಹಿಡ್ಕೊಂಡಿದ್ದೆ. ಆದ್ರೆ ಇದಕ್ಕೆ ಬೆಲೆ ತೆರಬೇಕಾಗುತ್ತೆ. ಆ ಪರಮ ಸತ್ಯ ಒಬ್ಬ ವ್ಯಕ್ತಿನೂ ಅಲ್ಲ, ವ್ಯಕ್ತಿ ಅಲ್ಲ ಅಂತಾನೂ ಅಲ್ಲ, ಕರುಣೆ ಇದೆ ಅಂತಾನೂ ಹೇಳಂಗಿಲ್ಲ ಇಲ್ಲ ಅಂತಾನೂ ಹೇಳಂಗಿಲ್ಲ ಅಂದ್ರೆ, ಮಗೂಗೆ ಜ್ವರ ಬಂದ ರಾತ್ರಿ ನಿಮ್ಮ ಹೆಂಡ್ತಿ ದುಗ್ಗಮ್ಮಾ ಕಾಪಾಡು ಅಂತ ಕೂಗಿದ್ದು ಯಾರಿಗೆ ತಲುಪುತ್ತೆ? ಎಲ್ರನ್ನೂ ಸರಿ ಮಾಡೋಕೆ ಹೋಗಿ ಯಾರ ದೇವ್ರೂ ಉಳಿಯದ ಹಂಗಾಗುತ್ತೆ. ನಿಮ್ಮ ಪಾರ್ಟ್‌ನರ್ ಇದನ್ನ ಒಪ್ಪಲ್ಲ, ನಿಮ್ಮಪ್ಪಾನೂ ಒಪ್ಪಲ್ಲ.

ಜೈನರ ಅನೇಕಾಂತ ನಂಗೆ ಇದಕ್ಕಿಂತ ಹಿಡಿಸುತ್ತೆ. ಒಂದು ವಸ್ತುವಿಗೆ ಹಲವು ಮುಖ, ನಾವು ಹೇಳೋ ಪ್ರತಿ ಮಾತಿಗೂ ಸ್ಯಾತ್ ಅಂತ ಸೇರಿಸ್ಕೋ, ಅಂದ್ರೆ ಒಂದು ರೀತಿಯಿಂದ ನೋಡಿದ್ರೆ ಅಂತ. ಇದನ್ನ ಜನ ಏನು ಹೇಳಿದ್ರೂ ನಡೆಯುತ್ತೆ ಅಂತ ತಿಳ್ಕೊಂಡಿದಾರೆ, ಹಂಗಿಲ್ಲ. ಅನೇಕಾಂತ ಹೇಳೋ ಜೈನರೇ ಸೃಷ್ಟಿಕರ್ತ ಇಲ್ಲ ಅನ್ನೋದ್ರಲ್ಲಿ ಒಂದಿಂಚೂ ಅಲ್ಲಾಡ್ಲಿಲ್ಲ. ನನ್ನ ಮಾತು ಎಲ್ಲೀವರೆಗೆ ನಿಜ ಅಂತ ಗಡಿ ಹಾಕ್ಕೊಂಡು ಗಟ್ಟಿಯಾಗಿ ಹೇಳೋದು ಅದ್ರ ಅಭ್ಯಾಸ. ಕಷ್ಟ ಏನಂದ್ರೆ ಸುಮ್ಮನೆ ಜಾರ್ಕೊಳ್ಳೋಕೂ ಇದು ಚೆನ್ನಾಗಿ ಉಪಯೋಗಕ್ಕೆ ಬರುತ್ತೆ.

ಇನ್ನು ನಿಮ್ಮಣ್ಣನ ಪಕ್ಷ, ನಮ್ದೊಂದೇ ಸರಿ. ತರ್ಕದ ಪ್ರಕಾರ ಇದ್ರಲ್ಲಿ ದೋಷ ಏನಿಲ್ಲ, ಬೈಬಲ್ಲಿನಲ್ಲಿ ನಾನೇ ಮಾರ್ಗ ಅಂತ ಯೇಸು ಹೇಳೋ ಮಾತು ಯೋಹಾನನ 14ನೇ ಅಧ್ಯಾಯದಲ್ಲಿದೆ, ಕೋಟ್ಯಂತರ ಸಜ್ಜನರು ಹಂಗೇ ನಂಬಿ ಯಾರಿಗೂ ತೊಂದ್ರೆ ಕೊಡದೆ ಬದುಕಿದಾರೆ. ಇದಕ್ಕೆ ಎದುರಾಗಿ ನೀನು ಬೇರೆ ಮನೇಲಿ ಹುಟ್ಟಿದ್ರೆ ಬೇರೆ ನಂಬ್ತಿದ್ದೆ, ಅದಕ್ಕೆ ನಿಂದು ಸುಳ್ಳು ಅಂತಾರೆ. ಅದೂ ಪೂರ್ತಿ ಸರಿ ಇಲ್ಲ. ನಾನು ಸಾವಿರ ವರ್ಷ ಹಿಂದೆ ಹುಟ್ಟಿದ್ರೆ ಸೂರ್ಯನೇ ಭೂಮಿ ಸುತ್ತುತ್ತಾನೆ ಅಂತಿದ್ದೆ, ಅದ್ರಿಂದ ಈಗ ನಾನು ನಂಬಿರೋದು ಸುಳ್ಳಾಗಲ್ಲ. ಎಲ್ಲಾ ಒಂದೇ ಅನ್ನೋನೂ ಅಷ್ಟೇ, ಬೇರೆಲ್ಲೋ ಹುಟ್ಟಿದ್ರೆ ಅವನೂ ಹಂಗಂತಿರ್ಲಿಲ್ಲ. ಹುಟ್ಟಿದ ಮನೆ ಯಾಕೆ ನಂಬಿದೀವಿ ಅನ್ನೋದಕ್ಕೆ ಕಾರಣ ಕೊಡುತ್ತೆ, ನಂಬಿದ್ದು ನಿಜಾನಾ ಅನ್ನೋದಕ್ಕೆ ಕೊಡಲ್ಲ. ಆದ್ರೆ ಒಂದು ಮಾಡುತ್ತೆ, ನಿಮ್ಮಣ್ಣ ಪಕ್ಕದ ಮನೇಲಿ ಹುಟ್ಟಿದ್ರೆ ಇದೇ ಗಂಟಲಲ್ಲಿ ಇನ್ನೊಂದನ್ನ ಕೂಗ್ತಿದ್ದ ಅಂತ ಗೊತ್ತಾದ್ರೆ ಗಂಟಲು ಸ್ವಲ್ಪ ತಗ್ಗುತ್ತೆ. ಅಪಾಯ ಇರೋದು ನಂಬಿಕೇಲಲ್ಲ, ನನ್ನ ದೇವ್ರು ಸರಿ ಅನ್ನೋದು ಯಾವಾಗ ನಾನೇ ಸರಿ, ನನ್ನ ಜನಾನೇ ಸರಿ ಅಂತಾಗುತ್ತೋ ಅಲ್ಲಿ. ಆ ಜಾರುವಿಕೆ ಬಹಳ ಬೇಗ ಆಗುತ್ತೆ, ಮಾಡೋನಿಗೆ ಗೊತ್ತೂ ಆಗಲ್ಲ.

ಎಲ್ಲಾ ತಪ್ಪು ಅನ್ನೋ ಸಾಧ್ಯತೇನೂ ಇದೆ, ಅದನ್ನ ಪಟ್ಟಿಯಿಂದ ತೆಗೆಯೋಕೆ ನಂಗೆ ಹಕ್ಕಿಲ್ಲ. ಎಲ್ಲಾ ಜೊತೆಗೆ ಸರಿ ಇರೋಕಾಗಲ್ಲ, ಆದ್ರೆ ಎಲ್ಲಾ ಜೊತೆಗೆ ತಪ್ಪಿರಬಹುದು, ತರ್ಕ ಇಷ್ಟು ಹೇಳಿ ಕೈ ತೊಳ್ಕೊಳ್ಳುತ್ತೆ.

ನನ್ನ ಸ್ವಂತ ಅಭಿಪ್ರಾಯ ಕೇಳಿದ್ರೆ, ಪ್ರತಿ ಧರ್ಮಾನೂ ಯಾವುದೋ ಒಂದನ್ನ ಬೇರೆಯವ್ರಿಗಿಂತ ಚೆನ್ನಾಗಿ ಕಂಡಿದೆ ಅನ್ಸುತ್ತೆ. ದೇವರ ಮುಂದೆ ಎಲ್ರೂ ಒಂದೇ ಸಾಲಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲೋದನ್ನ ನಾನು ಮಸೀದೀಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ, ಇರುವೆಗೂ ನೋವಿದೆ ಅನ್ನೋ ಎಚ್ಚರ ಜೈನರಲ್ಲಿ ಕಂಡಷ್ಟು ಬೇರೆ ಕಡೆ ಕಂಡಿಲ್ಲ, ದುಡಿಯೋ ಕೈನೇ ಪೂಜೆ ಅನ್ನೋದನ್ನ ಶರಣರಷ್ಟು ಗಟ್ಟಿಯಾಗಿ ಹೇಳ್ದೋರು ನಂಗೆ ಗೊತ್ತಿಲ್ಲ. ಒಂದು ವಿಷಯದಲ್ಲಿ ಸರಿ ಕಂಡೋನು ಎಲ್ಲದ್ರಲ್ಲೂ ಸರಿ ಕಂಡಿರ್ಬೇಕಂತಿಲ್ಲ, ನಾನೂ ಸೇರಿ.

ಈಗ ಎರಡನೇ ಗಂಟು, ಜೊತೆಗೆ ಬದುಕೋದು. ಇದಕ್ಕೆ ಮೊದಲನೇ ಗಂಟು ಬಿಚ್ಚೋವರೆಗೂ ಕಾಯಬೇಕಿಲ್ಲ, ಕಾದಿದ್ರೆ ಮನುಷ್ಯ ಕುಲಾನೇ ಇರ್ತಿರ್ಲಿಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಆಗಿ ವಿಜಯನಗರದ ರಾಜ ಬುಕ್ಕರಾಯನ ಹತ್ರ ಬಂತು, ಶ್ರವಣಬೆಳಗೊಳದಲ್ಲಿ ಶಾಸನ ಇದೆ. ರಾಜ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಕ್ಕೂ ಭೇದ ಇಲ್ಲ ಅಂದ. ಬಾಯಲ್ಲಿ ಹಂಗಂದ, ಆದ್ರೆ ತೀರ್ಪಲ್ಲಿರೋದು ನೋಡಿ: ಜೈನರಿಗೆ ಹಿಂದಿನಂತೆ ಪಂಚಮಹಾವಾದ್ಯ, ಕಲಶದ ಹಕ್ಕು, ಬೆಳಗೊಳದ ದೇವ್ರಿಗೆ ಕಾವಲಿಗೆ 20 ಆಳು. ದೇವ್ರಿದಾನೋ ಇಲ್ವೋ, ವೇದ ಪ್ರಮಾಣವೋ ಅಲ್ವೋ ಅಂತ ಒಂದು ಅಕ್ಷರಾನೂ ಇಲ್ಲ. ಯಾರು ಸರಿ ಅಂತ ತೀರ್ಮಾನ ಮಾಡ್ದೇನೇ ಯಾರ ಡೋಲಿಗೆ ಯಾರೂ ಅಡ್ಡ ಬರಬಾರ್ದು ಅಂತ ಮಾಡಿದ್ದು.

ಅದಕ್ಕೂ ಎಷ್ಟೋ ಹಿಂದೆ ಅಶೋಕ. ನಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿ ಬಂಡೆ ಮೇಲೆ ಅವನು ಬರೆಸಿದ್ದು ಅಪ್ಪ ಅಮ್ಮನ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರ್ಲಿ, ನಿಜ ಹೇಳಿ ಅಂತ. ಪಂಥಗಳ ಜಗಳದ ಬಗ್ಗೆ ಇರೋದು 12ನೇ ಬಂಡೆ ಶಾಸನ, ಕಲಬುರಗಿ ಜಿಲ್ಲೆ ಸನ್ನತೀಲಿ ಅದೂ ಸಿಕ್ಕಿದೆ. ತನ್ನ ಪಂಥ ಹೊಗಳೋ ಆಸೇಲಿ ಬೇರೆ ಪಂಥ ತೆಗಳೋನು ತನ್ನ ಪಂಥಕ್ಕೇ ಹಾನಿ ಮಾಡ್ಕೊಳ್ತಾನೆ, ನಾಲಿಗೆ ಹಿಡಿತದಲ್ಲಿರ್ಲಿ, ಒಬ್ಬರ ಧರ್ಮ ಇನ್ನೊಬ್ಬರು ಕೇಳಿ ತಿಳ್ಕೊಳ್ಳಿ ಅನ್ನೋದು ಅದ್ರ ತಾತ್ಪರ್ಯ. ಎಲ್ಲಾ ಒಂದೇ ಅಂತ ಅವನು ಹೇಳ್ಲಿಲ್ಲ. ಕುರಾನಿನ 109ನೇ ಅಧ್ಯಾಯಾನೂ ನಿಮ್ಮ ಧರ್ಮ ನಿಮಗೆ, ನನ್ನ ಧರ್ಮ ನನಗೆ ಅಂತ ಮುಗಿಯುತ್ತೆ, ನಿಮ್ಮ ಪಾರ್ಟ್‌ನರ್‌ಗೆ ಬಾಯಿಪಾಠ ಇರುತ್ತೆ ಕೇಳಿ ನೋಡಿ. ನಮ್ಮ ಕಡೆ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬಕ್ಕೆ, ಅಂದ್ರೆ ಮೊಹರಂಗೆ, ಹಿಂದೂಗಳೂ ಕೊಂಡ ಹಾಯ್ತಾರೆ, ಅದನ್ನ ಒಪ್ಪದ ಮುಸ್ಲಿಮರೂ ಬೇಕಾದಷ್ಟಿದಾರೆ, ಅದನ್ನೂ ನಾವು ಕೇಳಿಸ್ಕೋಬೇಕು.

ಹಂಗಾಗಿ ದ್ರೋಹದ ಮಾತು ಬಿಡಿ. 14 ವರ್ಷದಿಂದ ಒಂದೇ ಗಲ್ಲಾಪೆಟ್ಟಿಗೆ ಹಂಚ್ಕೊಂಡಿರೋ ಮನುಷ್ಯಂಗೆ ನೀವು ಏನು ನಂಬ್ತೀರಿ ಅನ್ನೋದು ಗೊತ್ತಿಲ್ದೇ ಇರುತ್ತಾ? ಅವ್ರ ಪ್ರಕಾರ ನೀವೂ ತಪ್ಪು, ಆದ್ರೂ ದಿನಾ ಬೆಳಿಗ್ಗೆ ಶಟರ್ ಎತ್ತೋಕೆ ಬರ್ತಿದಾರೆ. ಒಂದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ಮಗಳ ಪ್ರಶ್ನೇನ ಅವ್ರ ಮುಂದೇನೇ ಇಡಿ, ನೀವಾಗಿದ್ರೆ ಏನು ಹೇಳ್ತಿದ್ರಿ ಅಂತ. ನಾನು ಉರ್ದು ಮೇಷ್ಟ್ರನ್ನ ಕೇಳದೆ ಬಿಟ್ಟಿದ್ದನ್ನ ನೀವು ಕೇಳ್ದಂಗಾಗುತ್ತೆ. ಅಣ್ಣನ ಜೊತೆ ಮಾತ್ರ ಮಗು ಮುಂದೆ ವಾದ ಬೇಡ, ಅವ್ನು ಸೋಲೋಕೆ ತಯಾರಿಲ್ಲ, ಮಗು ಕಲಿಯೋದು ಜಗಳಾನ ಮಾತ್ರ.

ಮಗಳಿಗೆ ಏನು ಹೇಳೋದು ಅಂದ್ರೆ, ಅವಳ ಭಾಷೇಲಿ ಇಷ್ಟು ಸಾಕು ಅನ್ಸುತ್ತೆ: "ಯಾರೂ ಸುಳ್ಳು ಹೇಳ್ತಿಲ್ಲ ಪುಟ್ಟಿ. ಅವ್ರವ್ರ ಮನೇಲಿ ನಂಬಿರೋದು ಹೇಳ್ತಾರೆ. ಎಲ್ಲಾದೂ ಪೂರ್ತಿ ಸರಿ ಇರೋಕಾಗಲ್ಲ, ಯಾವ್ದು ಸರಿ ಅಂತ ದೊಡ್ಡೋರೂ ಇನ್ನೂ ಹುಡುಕ್ತಿದಾರೆ. ನಮ್ಮನೇಲಿ ನಾವು ಹಿಂಗೆ ಮಾಡ್ತೀವಿ, ಯಾಕಂತ ತಾತನ್ನ ಕೇಳು." ತಾತನ್ನ ಕೇಳು ಅನ್ನೋದನ್ನ ಬಿಡಬೇಡಿ, ತನ್ನ ಮನೆ ನಂಬಿಕೆ ಏನಂತಾನೇ ಗೊತ್ತಿಲ್ದೋಳು ಎಲ್ಲಾ ಒಂದೇ ಅಂದ್ರೂ ನಮ್ದೊಂದೇ ಅಂದ್ರೂ ಎರಡೂ ಗಿಳಿಪಾಠ. ಮಿಸ್ ತಪ್ಪು ಅಂತ ಮಾತ್ರ ಹೇಳ್ಕೊಡಬೇಡಿ, 40 ಮಕ್ಕಳ ಕ್ಲಾಸಲ್ಲಿ ಬೆಲ್ ಹೊಡೆಯೋಕೆ ಐದು ನಿಮಿಷ ಇರುವಾಗ ಬಂದ ಪ್ರಶ್ನೆಗೆ ನಾನಿದ್ರೂ ಅದನ್ನೇ ಹೇಳ್ತಿದ್ನೇನೋ.

ಭಾನುವಾರ ಪುರುಸೊತ್ತಾದ್ರೆ ಹರಿಹರಕ್ಕೆ ಕರ್ಕೊಂಡು ಹೋಗಿ, ನಿಮಗೆ 14 ಕಿಲೋಮೀಟರ್ ಆಸುಪಾಸು ಅಷ್ಟೇ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ದೇವಸ್ಥಾನ. ಹರಿಗೂ ಸಾಯಲ್ಲ ಹರನಿಗೂ ಸಾಯಲ್ಲ ಅಂತ ವರ ತಗೊಂಡ ಗುಹಾಸುರನ್ನ ಕೊಲ್ಲೋಕೆ ಇಬ್ರೂ ಒಂದೇ ಮೈಯಾಗಿ ಬಂದ್ರು ಅನ್ನೋ ಕತೆ ದಾರೀಲಿ ಹೇಳಿ. ಮೂರ್ತಿ ಮುಂದೆ ನಿಂತಾಗ ತೋರಿಸಿ, ಮೂರ್ತಿಯ ಬಲಗಡೆ ಹರ, ಎಡಗಡೆ ಹರಿ. ಕೆತ್ತಿದೋನು ಇಬ್ಬರನ್ನೂ ಅರೆದು ಒಂದು ಮುದ್ದೆ ಮಾಡ್ಲಿಲ್ಲ, ಯಾವ ಕಡೆ ಯಾರು ಅಂತ ಈಗ್ಲೂ ಗೊತ್ತಾಗುತ್ತೆ. ನಿಮ್ಮ ಮಗಳು ಚುರುಕಿದಾಳೆ, ಹಂಗಾದ್ರೆ ಇಬ್ರೂ ಒಂದೇನಾ ಬೇರೆ ಬೇರೇನಾ ಅಂತ ಕೇಳೇ ಕೇಳ್ತಾಳೆ, ಜೈನರ ದೇವ್ರು ಯಾಕಿಲ್ಲ ಇಲ್ಲಿ ಅಂತಾನೂ ಕೇಳಬಹುದು. ಆಗ ನಂಗೆ ಇನ್ನೊಂದು ಸಲ ಬರೀರಿ.